ಬೇಸಿಗೆಯ ಪುರಾತತ್ವ ಫೀಲ್ಡ್ ಸ್ಕೂಲ್: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಉತ್ಖನನಕ್ಕೆ ಹೊರಟವರ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವನ್ನು ಕೂತು ಬಿಡಿಸಿ ಹೇಳಬೇಕು.

ಫೀಲ್ಡ್ ಸ್ಕೂಲ್ ಅಂದ್ರೆ ಏನು? ವಾಲಂಟಿಯರ್ ಆಗಿ ಹೋಗೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಫೀಲ್ಡ್ ಸ್ಕೂಲ್ ಒಂದು ಕೋರ್ಸ್. ಪಾಠ ನಡೆಯುವುದು ಬಯಲಿನಲ್ಲಿ, ಅಷ್ಟೇ. ನಿಜವಾದ ಸಂಶೋಧನೆ ನಡೆಯುತ್ತಿರುವ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇದ್ದು ಅಗೆಯುವುದು, ಅಳೆಯುವುದು, ಬರೆಯುವುದು, ಸಿಕ್ಕಿದ್ದನ್ನು ವಿಂಗಡಿಸುವುದು ಎಲ್ಲವನ್ನೂ ಕಲಿಯುತ್ತೀರಿ. ಕೊನೆಗೆ ಮೌಲ್ಯಮಾಪನ ಇರುತ್ತದೆ. ಎಷ್ಟೋ ಕಡೆ ವಿಶ್ವವಿದ್ಯಾಲಯದ ಕ್ರೆಡಿಟ್ ಕೂಡ ಸಿಗುತ್ತದೆ.

ವಾಲಂಟಿಯರ್ ವಿಷಯ ಬೇರೆ. ಅವರಿಗೆ ಒಂದು ಕೆಲಸ ತೋರಿಸಿದರೆ ದಿನವಿಡೀ ಅದನ್ನೇ ಮಾಡುತ್ತಾರೆ. ಅವರಿಗೆ ಕಲಿಸಲೇಬೇಕು ಅಂತ ಯಾರಿಗೂ ಕಟ್ಟುಪಾಡಿಲ್ಲ. ಫೀಲ್ಡ್ ಸ್ಕೂಲಿನಲ್ಲಿ ಆ ಕಟ್ಟುಪಾಡು ಇದೆ, ಇರಬೇಕು. ಶಿಬಿರ ಪೂರ್ತಿ ಬರೀ ಬಕೆಟ್ ಹೊರಿಸಿದರೆ ಅದಕ್ಕೆ ಶಾಲೆ ಅಂತ ಹೆಸರು ಯಾಕೆ, ಅಲ್ವಾ?

ಯಾಕೆ ಬೇಸಿಗೆಯಲ್ಲೇ?

ಮುಖ್ಯ ಕಾರಣ ಕಾಲೇಜಿನ ರಜೆ. ಪ್ರೊಫೆಸರಿಗೂ ಬಿಡುವು, ವಿದ್ಯಾರ್ಥಿಗೂ ಬಿಡುವು. ಯುರೋಪ್, ಉತ್ತರ ಅಮೆರಿಕದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹಗಲೂ ಉದ್ದ, ನೆಲವೂ ಒಣಗಿರುತ್ತದೆ. ನೀರು ನಿಂತ ಗುಂಡಿಯಲ್ಲಿ ಬೇರೆ ಬೇರೆ ಕಾಲದ ಮಣ್ಣಿನ ಪದರ ಗುರುತಿಸೋದು ಕಷ್ಟ. ಆದರೆ ಪೂರ್ತಿ ಒಣಗಿದರೂ ತೊಂದರೆಯೇ. ಬಿಸಿಲಿಗೆ ಮಣ್ಣಿನ ಬಣ್ಣಗಳೆಲ್ಲ ಒಂದೇ ಬೂದಿಯಾಗಿ ಕಾಣುತ್ತವೆ. ಅದಕ್ಕೇ ಉತ್ಖನನದ ಜಾಗದಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಇರುತ್ತದೆ. ಫೋಟೋ ತೆಗೆಯುವ ಮುಂಚೆ ಗುಂಡಿಯ ಗೋಡೆಗೆ ಸಣ್ಣಗೆ ನೀರು ಹೊಡೆದರೆ ಪದರಗಳ ಬಣ್ಣ ಮತ್ತೆ ಎದ್ದು ಬರುತ್ತದೆ. ಸುಡುವ ಮರುಭೂಮಿಗಳಲ್ಲಿ ಮಾತ್ರ ಚಳಿಗಾಲದಲ್ಲೇ ಅಗೆಯುವುದು ಜಾಸ್ತಿ.

ಇದು ಹೊಸ ವ್ಯವಸ್ಥೆಯಾ?

ಅಲ್ಲ. 1930ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ವೆರುಲೇಮಿಯಂ ಎಂಬ ರೋಮನ್ ಪಟ್ಟಣವನ್ನು ಅಗೆದಾಗ ಪುರಾತತ್ವಜ್ಞರಾದ ಮಾರ್ಟಿಮರ್ ವೀಲರ್ ಮತ್ತು ಟೆಸ್ಸಾ ವೀಲರ್ ದಂಪತಿ ವಿದ್ಯಾರ್ಥಿಗಳಿಗೆ ಅಲ್ಲೇ ತರಬೇತಿ ಕೊಟ್ಟರು. ಅಲ್ಲಿ ಪಳಗಿದವರಲ್ಲಿ ಕ್ಯಾಥ್ಲೀನ್ ಕೆನ್ಯನ್ ಒಬ್ಬರು. ಆ ಪದ್ಧತಿಯನ್ನೇ ಇನ್ನಷ್ಟು ತಿದ್ದಿ ಅವರು 1952ರಿಂದ 1958ರವರೆಗೆ ಪ್ಯಾಲೆಸ್ತೀನಿನ ಪುರಾತನ ಊರು ಜೆರಿಕೊ ಅಗೆದರು. ವೀಲರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದವರು ಅದೇ ವರ್ಷ ತಕ್ಷಶಿಲೆಯಲ್ಲಿ ತರಬೇತಿ ಶಿಬಿರ ನಡೆಸಿದರು. ಮುಂದೆ ಹೆಸರಾಂತ ಪುರಾತತ್ವಜ್ಞರಾದ ಬಿ.ಬಿ. ಲಾಲ್ ಅಲ್ಲಿ ಕಲಿತವರು. ನೆಲವನ್ನು ಚೌಕ ಚೌಕವಾಗಿ ಗುರುತು ಹಾಕಿ, ಎರಡು ಚೌಕಗಳ ನಡುವೆ ಅಗೆಯದ ಮಣ್ಣಿನ ಗೋಡೆ ಬಿಡುವ ಕ್ರಮವನ್ನು ಇಂದಿಗೂ ವೀಲರ್–ಕೆನ್ಯನ್ ವಿಧಾನ ಅಂತಲೇ ಕರೆಯುತ್ತಾರೆ. ಆ ಗೋಡೆಯ ಮುಖದಲ್ಲಿ ಪದರಗಳೆಲ್ಲ ಕಾಣುತ್ತಿರುತ್ತವೆ. ಎಲ್ಲಿಯಾದರೂ ಅನುಮಾನ ಬಂದರೆ ಅಲ್ಲಿ ನೋಡಿ ಸರಿಮಾಡಿಕೊಳ್ಳಬಹುದು.

ನಾನು ಪುರಾತತ್ವ ಓದುತ್ತಿಲ್ಲ. ಬರಬಹುದಾ?

ಬಹಳ ಕಡೆ ಬರಬಹುದು. ಇತಿಹಾಸ, ಭೂವಿಜ್ಞಾನ, ಸಸ್ಯಶಾಸ್ತ್ರ, ವಾಸ್ತುಶಿಲ್ಪ, ಕಂಪ್ಯೂಟರ್ ಓದುವವರೆಲ್ಲ ಬರುತ್ತಾರೆ. ಸುಟ್ಟ ಬೀಜ ನೋಡಿ ಯಾವ ಧಾನ್ಯ ಅಂತ ಹೇಳಬಲ್ಲ ಸಸ್ಯಶಾಸ್ತ್ರದ ಹುಡುಗಿಯನ್ನು ಯಾವ ತಂಡವೂ ಬಿಟ್ಟುಕೊಡುವುದಿಲ್ಲ.

ಒಂದು ದಿನ ಹೇಗಿರುತ್ತದೆ?

ಬಿಸಿಲೇರುವ ಮುಂಚೆ ಶುರು. ಬೆಳಗ್ಗೆ ಆರು, ಏಳಕ್ಕೆಲ್ಲ ಜಾಗದಲ್ಲಿ ಇರುತ್ತೀರಿ. ರಾತ್ರಿ ಹೊದಿಸಿದ್ದ ಟಾರ್ಪಾಲು ತೆಗೆದು, ಅಂಚಿನಿಂದ ಉದುರಿದ ಪುಡಿ ಮಣ್ಣನ್ನು ಗುಡಿಸಿ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಅಂತ ನೋಡಿಕೊಳ್ಳುವುದು ಮೊದಲ ಕೆಲಸ.

ಆಮೇಲೆ ಕರಣೆ ಕೈಗೆ ಬರುತ್ತದೆ. ಮೊನೆಯಿಂದ ಚುಚ್ಚಿ ಕೆದಕುವುದು ಹೊಸಬರ ಅಭ್ಯಾಸ. ಅದನ್ನು ಮೊದಲ ದಿನವೇ ಬಿಡಿಸುತ್ತಾರೆ. ಕರಣೆಯ ಅಂಚನ್ನು ನೆಲಕ್ಕೆ ತಾಗಿಸಿ, ನಿಮ್ಮ ಕಡೆಗೆ ಎಳೆದುಕೊಳ್ಳುತ್ತಾ, ತೆಳ್ಳಗೆ ಹೆರೆಯಬೇಕು. ಕೆರೆದ ಜಾಗದ ಮೇಲೆ ಮಂಡಿ ಊರಬಾರದು, ಅದಕ್ಕೇ ಹಿಂದೆ ಸರಿಯುತ್ತಾ ಹೋಗಬೇಕು. ಸ್ವಲ್ಪ ದಿನ ಕಳೆದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮೆತ್ತನೆ ಮಣ್ಣಿನಲ್ಲಿ ಸದ್ದೇ ಇರುವುದಿಲ್ಲ. ತುಳಿದು ತುಳಿದು ಗಟ್ಟಿಯಾದ ಹಳೇ ನೆಲ ಬಂದರೆ ಕರಣೆ ಕರಕರ ಅನ್ನುತ್ತದೆ. ಮಡಕೆ ಚೂರಿಗೆ ತಾಗಿದರೆ ಸಣ್ಣಗೆ ಟಿಣ್ ಅನ್ನುತ್ತದೆ.

ಕೆರೆದ ಮಣ್ಣು ಬಕೆಟ್‌ಗೆ, ಬಕೆಟ್‌ನಿಂದ ಜರಡಿಗೆ. ಸಾಮಾನ್ಯವಾಗಿ ಜರಡಿಯ ಕಣ್ಣು ಕಾಲು ಇಂಚಿನದು. ಮಣಿ, ಮೀನಿನ ಮುಳ್ಳಿನಂಥ ಸಣ್ಣ ವಸ್ತು ಸಿಗುವ ಕಡೆ ಇನ್ನೂ ಕಿರಿದು. ಒಂದೊಂದು ಪದರದಿಂದ ಒಂದಿಷ್ಟು ಮಣ್ಣನ್ನು ಬೇರೆ ಇಟ್ಟು ನೀರಿಗೆ ಹಾಕಿ ಕಲಕುತ್ತಾರೆ. ಸುಟ್ಟ ಕಾಳು, ಇದ್ದಿಲು ಮೇಲೆ ತೇಲುತ್ತವೆ. ಆ ಕಾಲದವರು ಏನು ಬೆಳೆದರು, ಏನು ತಿಂದರು ಅನ್ನೋದಕ್ಕೆ ಈ ತೇಲಿದ ಕಸ ಬೇಕೇ ಬೇಕು.

ಮಧ್ಯಾಹ್ನದ ಮೇಲೆ ನೆರಳಿನ ಕೆಲಸ. ಹಳೇ ಟೂತ್‌ಬ್ರಷ್‌ನಿಂದ ಮಡಕೆ ಚೂರು ತೊಳೆಯುವುದು, ಒಣಗಿಸುವುದು, ನಂಬರ್ ಹಾಕುವುದು. ಎಲ್ಲವನ್ನೂ ತೊಳೆಯುವ ಹಾಗಿಲ್ಲ. ಲೋಹಕ್ಕೆ ನೀರು ಸೋಕಬಾರದು. ಅಡುಗೆ ಮಡಕೆಯ ಒಳಗೆ ಅಂಟಿದ ಕರಿಯನ್ನು ಪರೀಕ್ಷೆಗೆ ಕಳಿಸುವುದಿದ್ದರೆ ಅದನ್ನೂ ಹಾಗೇ ಬಿಡಬೇಕು. ಸಂಜೆ ಒಂದು ಪಾಠ, ಆಮೇಲೆ ಡೈರಿ. ಡೈರಿ ಬರೆಯದೇ ಮಲಗುವ ಆಸೆ ದಿನಾ ಬರುತ್ತದೆ. ಬರೆದೇ ಮಲಗಿ.

ಅಗೆಯೋದು ಬಿಟ್ಟು ಇನ್ನೇನು ಕಲಿಯುತ್ತೇನೆ?

ನಿಜ ಹೇಳಬೇಕು ಅಂದ್ರೆ ಅಗೆಯೋದೇ ಇಲ್ಲಿ ಸುಲಭದ ಪಾಠ. ದಾಖಲೆ ಮಾಡೋದು ಅಸಲಿ ವಿದ್ಯೆ. ಒಂದು ಪದರವನ್ನು ಒಂದೇ ಸಲ ಅಗೆಯಬಹುದು. ಅಗೆದ ಮೇಲೆ ಅದು ಇಲ್ಲ. ನೀವು ಬರೆದ ಹಾಳೆ, ಬಿಡಿಸಿದ ಚಿತ್ರ, ತೆಗೆದ ಫೋಟೋ, ಚೀಲದಲ್ಲಿಟ್ಟ ಮಣ್ಣು, ಇಷ್ಟೇ ಉಳಿಯುವುದು.

ಒಂದು ಕಂಬದ ಕುಳಿಯನ್ನೇ ತಗೊಳ್ಳಿ. ಹಳದಿ ಮಣ್ಣನ್ನು ಹೆರೆಯುತ್ತಾ ಹೋದಾಗ ಅಂಗೈ ಅಗಲದ ಕಪ್ಪು ದುಂಡು ಕಾಣಿಸುತ್ತದೆ. ಕೈ ಹಾಕಿದರೆ ಸುತ್ತಲಿನದಕ್ಕಿಂತ ಮೆತ್ತಗಿದೆ. ಹಿಂದೆಂದೋ ಅಲ್ಲಿ ಮರದ ಕಂಬ ನೆಟ್ಟಿದ್ದರು. ಕಂಬ ಕೊಳೆತು ಆ ಜಾಗಕ್ಕೆ ಬೇರೆ ಮಣ್ಣು ಬಂದು ಸೇರಿದೆ. ಅದನ್ನು ಒಂದೇ ಸಲಕ್ಕೆ ತೋಡಿ ಹಾಕುವುದಿಲ್ಲ. ನಡುವೆ ದಾರ ಕಟ್ಟಿ ಅರ್ಧ ಮಾತ್ರ ತೆಗೆಯುತ್ತಾರೆ. ಆಗ ಉಳಿದ ಅರ್ಧದ ಮುಖದಲ್ಲಿ ಕುಳಿಯ ಆಳ, ಆಕಾರ ಕಾಣುತ್ತದೆ. ಕಂಬ ಅಲ್ಲಾಡದಂತೆ ಸುತ್ತ ಕೊಟ್ಟ ಕಲ್ಲುಗಳೂ ಕೆಲವೊಮ್ಮೆ ಕಾಣುತ್ತವೆ. ಅದನ್ನು 1:10 ಅಳತೆಯಲ್ಲಿ ಗ್ರಾಫ್ ಹಾಳೆ ಮೇಲೆ ಬಿಡಿಸಿ, ಪಕ್ಕದಲ್ಲಿ ಅಳತೆ ಕೋಲು ಇಟ್ಟು ಫೋಟೋ ತೆಗೆದು, ಎಷ್ಟು ಎತ್ತರದಲ್ಲಿದೆ ಅಂತ ಲೆವೆಲ್ ಹಿಡಿದು, ಮಣ್ಣಿನ ಬಣ್ಣವನ್ನು ಮನ್ಸೆಲ್ ಬಣ್ಣದ ಪುಸ್ತಕಕ್ಕೆ ಹೊಂದಿಸಿ ನೋಡಿ ಬರೆದುಕೊಳ್ಳುತ್ತಾರೆ. ಆಮೇಲೆಯೇ ಇನ್ನರ್ಧ. ಇಂಥವು ಒಂದೇ ಅಂತರದಲ್ಲಿ ಐದಾರು ಸಿಕ್ಕವು ಅನ್ನಿ, ಮನೆಯ ಒಂದು ಗೋಡೆ ಸಿಕ್ಕಿತು ಅಂತಲೇ ಲೆಕ್ಕ.

ಪ್ರತಿ ಪದರಕ್ಕೆ, ಪ್ರತಿ ಕುಳಿಗೆ ಒಂದು ನಂಬರ್, ಒಂದು ಹಾಳೆ. ಯಾವುದರ ಮೇಲೆ ಯಾವುದು ಬಿದ್ದಿದೆ, ಯಾವುದನ್ನು ಯಾವುದು ಕತ್ತರಿಸಿದೆ ಅಂತ ಅದರಲ್ಲಿ ಇರುತ್ತದೆ. ಈ ಸಂಬಂಧಗಳನ್ನೆಲ್ಲ ಒಂದು ನಕ್ಷೆಯಲ್ಲಿ ಜೋಡಿಸುವ ಉಪಾಯವನ್ನು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ಕಂಡುಕೊಂಡರು. ಅದಕ್ಕೆ ಹ್ಯಾರಿಸ್ ಮ್ಯಾಟ್ರಿಕ್ಸ್ ಅಂತಲೇ ಹೆಸರು. ನೋಡೋದಕ್ಕೆ ಬರೀ ಚೌಕ, ಗೆರೆ. ನಿಮ್ಮ ಕೈಯಾರೆ ಅಗೆದ ಜಾಗದ್ದನ್ನು ಬಿಡಿಸುವಾಗ ತಲೆ ಕೆಟ್ಟುಹೋಗುತ್ತದೆ.

ಇದು ಯಾಕೆ ಇಷ್ಟು ಮುಖ್ಯ? ಇದ್ದಿಲ ಚೂರು ಸಿಕ್ಕಿತು, ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸಿದಿರಿ ಅಂದುಕೊಳ್ಳಿ. ಸತ್ತ ಗಿಡ, ಪ್ರಾಣಿಯಲ್ಲಿ ನಿಧಾನಕ್ಕೆ ಕರಗುತ್ತಾ ಹೋಗುವ ಇಂಗಾಲ-14ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 5,730 ವರ್ಷ. ಸುಮಾರು 50,000 ವರ್ಷದ ಹಿಂದಿನವರೆಗೂ ಲೆಕ್ಕ ಹಾಕಬಹುದು. ಈ ವಿಧಾನಕ್ಕಾಗಿ ವಿಲ್ಲರ್ಡ್ ಲಿಬ್ಬಿ ಅವರಿಗೆ 1960ರಲ್ಲಿ ನೊಬೆಲ್ ಬಂತು. ಲ್ಯಾಬ್ ಏನೋ ಕಾಲ ಹೇಳುತ್ತದೆ. ಆದರೆ ಅದು ಹೇಳುವುದು ಆ ಕಟ್ಟಿಗೆಯ ಕಾಲ. ಚೂರು ಯಾವ ಪದರದ್ದು, ಇಲಿ ಬಿಲದಿಂದ ಕೆಳಗೆ ಇಳಿದದ್ದೋ ಏನೋ ಅನ್ನುವುದನ್ನು ನಿಮ್ಮ ಹಾಳೆಯೇ ಹೇಳಬೇಕು. ಹಾಳೆಯಲ್ಲಿ ಇಲ್ಲದಿದ್ದರೆ ಆ ಕಾಲವನ್ನು ತಗೊಂಡು ಏನೂ ಮಾಡೋಕಾಗಲ್ಲ.

ಡ್ರೋನ್, ತ್ರೀಡಿ ಎಲ್ಲ ಇರುವಾಗ ಕೈಯಲ್ಲಿ ಚಿತ್ರ ಬಿಡಿಸೋದು ಯಾಕೆ?

ಎರಡನ್ನೂ ಕಲಿಯಿರಿ. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಯಂತ್ರ), ಜಿಪಿಎಸ್, ನೂರಾರು ಫೋಟೋ ಸೇರಿಸಿ ಮಾಡುವ ತ್ರೀಡಿ ಮಾದರಿ ಎಲ್ಲ ಈಗ ಮಾಮೂಲು. ಆದರೆ ಕ್ಯಾಮೆರಾ ಎಲ್ಲವನ್ನೂ ಒಂದೇ ಸಮ ನೋಡುತ್ತದೆ. ಕೈಯಲ್ಲಿ ಬಿಡಿಸುವಾಗ ಈ ಪದರ ಇಲ್ಲಿಗೆ ಮುಗಿಯಿತು ಅಂತ ಗೆರೆ ಎಳೆಯುವುದಕ್ಕೆ ನೀವೇ ತೀರ್ಮಾನ ಮಾಡಬೇಕು. ಕಣ್ಣು ಪಳಗುವುದು ಅಲ್ಲೇ.

ಏನೂ ಸಿಗದಿದ್ದರೆ?

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಇರುವುದು ಚಿನ್ನ, ವಿಗ್ರಹ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ನಾಲ್ಕು ವಾರದಲ್ಲಿ ನಿಮಗೆ ಸಿಗುವುದು ಮಡಕೆ ಚೂರು, ಪ್ರಾಣಿ ಮೂಳೆ, ಕಲ್ಲಿನ ಚಕ್ಕೆ, ಮಣ್ಣಿನ ಕಲೆ. ನಿಮ್ಮ ಚೌಕದಲ್ಲಿ ಏನೂ ಇರದೆ ಪಕ್ಕದವರ ಚೌಕದಲ್ಲಿ ಇಡೀ ಮಡಕೆ ಸಿಕ್ಕರೆ ಹೊಟ್ಟೆ ಉರಿಯುತ್ತದೆ, ಸಹಜ. ಹಾಗಂತ ನಿಮ್ಮ ಚೌಕ ದಂಡವಲ್ಲ. ಊರಿನ ಅಂಚು ಇಲ್ಲಿಗೆ ಮುಗಿದಿತ್ತು, ಇಲ್ಲಿ ಅಂಗಳ ಇತ್ತು ಅನ್ನುವುದೂ ಉತ್ತರವೇ.

ಖಾಲಿ ಜಾಗ ಎಷ್ಟು ಹೇಳಬಲ್ಲದು ಅನ್ನೋದಕ್ಕೆ ಎರಡು ಉದಾಹರಣೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಪಟ್ಟಣ ಪಾಂಪೇಯಲ್ಲಿ ಗಟ್ಟಿಯಾದ ಬೂದಿಯೊಳಗೆ ಟೊಳ್ಳುಗಳು ಸಿಗುತ್ತಿದ್ದವು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಅವುಗಳಿಗೆ ಪ್ಲಾಸ್ಟರ್ ಸುರಿಸಿದರು. ಬೂದಿಯಡಿ ಸತ್ತವರ ಮೈಯ ಆಕಾರ ಬಟ್ಟೆಯ ಮಡಿಕೆಯ ಸಮೇತ ಎದ್ದು ಬಂತು. ಇನ್ನೊಂದು, ಇಂಗ್ಲೆಂಡಿನ ಸಟನ್ ಹೂ. 1939ರಲ್ಲಿ ಬೇಸಿಲ್ ಬ್ರೌನ್ ಅಲ್ಲಿ ಸಮಾಧಿ ದಿಬ್ಬ ಅಗೆಯುವಾಗ ಕೆಳಗೆ ಸುಮಾರು 27 ಮೀಟರ್ ಉದ್ದದ ಹಡಗು ಇತ್ತು, ಆದರೆ ಮರ ಪೂರ್ತಿ ಕರಗಿಹೋಗಿತ್ತು. ಉಳಿದದ್ದು ಮರಳಿನಲ್ಲಿ ಹಲಗೆಗಳ ಅಚ್ಚು ಮತ್ತು ಹಲಗೆ ಜೋಡಿಸುವ ಕಬ್ಬಿಣದ ಮೊಳೆಗಳ, ಅಂದರೆ ತುಕ್ಕು ಹಿಡಿದ ರಿವೆಟ್‌ಗಳ ಸಾಲು. ಅವರು ರಿವೆಟ್‌ಗಳನ್ನು ಇದ್ದಲ್ಲೇ ಬಿಟ್ಟು, ಸಾಲು ಹಿಡಿದು ಹೋಗಿ ಇಡೀ ಹಡಗಿನ ಆಕಾರ ಬಿಡಿಸಿದರು. ಸಿಕ್ಕ ಕಬ್ಬಿಣವನ್ನು ಆಯ್ದು ಬುಟ್ಟಿಗೆ ಹಾಕಿದ್ದರೆ ಹಡಗು ಅಲ್ಲಿತ್ತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಸಣ್ಣ ಚೂರು ಒಂದನ್ನಾದರೂ ನೆನಪಿಗೆ ಇಟ್ಕೋಬಹುದಾ?

ಇಲ್ಲ. ಒಂದು ಚೂರೂ ಇಲ್ಲ. ಬಹುತೇಕ ದೇಶಗಳಲ್ಲಿ ಅದು ಅಪರಾಧ. ಗಡಿ ದಾಟಿಸಿದರೆ ಇನ್ನೂ ದೊಡ್ಡ ಅಪರಾಧ.

ಫೋಟೋ ಹಾಕಬಹುದಾ?

ಶಿಬಿರದ ನಿಯಮ ಕೇಳಿ. ಎಷ್ಟೋ ಕಡೆ ಸಿಕ್ಕ ವಸ್ತುವಿನ ಫೋಟೋ ಹಾಕುವಂತಿಲ್ಲ. ಅದು ಬಿಂಕ ಅಲ್ಲ. ಫೋನ್ ಫೋಟೋದಲ್ಲಿ ಜಾಗದ ಗುರುತು ಇರುತ್ತದೆ, ಲೂಟಿ ಮಾಡುವವರು ಅದನ್ನೇ ಕಾಯುತ್ತಿರುತ್ತಾರೆ.

ಮನುಷ್ಯರ ಮೂಳೆ ಸಿಕ್ಕರೆ?

ಕೈ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯಿರಿ. ಮುಂದೇನು ಅನ್ನುವುದು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ. ಅಮೆರಿಕದಲ್ಲಿ ಮೂಲನಿವಾಸಿಗಳ ಸಮಾಧಿ ಮತ್ತು ಅಸ್ಥಿಗಳ ಬಗ್ಗೆ 1990ರಿಂದ ಪ್ರತ್ಯೇಕ ಕಾನೂನೇ ಇದೆ. ಆ ಜನರ ಮೊಮ್ಮಕ್ಕಳು, ಮರಿಮಕ್ಕಳು ಪಕ್ಕದ ಊರಲ್ಲೇ ಇರಬಹುದು. ಅವರನ್ನು ಕೇಳದೆ, ಮಾತಾಡಿಸದೆ ಅಗೆಯುವ ತಂಡ ನನಗಂತೂ ಸರಿಬರುವುದಿಲ್ಲ. ಬುರುಡೆ ಜೊತೆ ಸೆಲ್ಫಿ ತೆಗೆಯಬಾರದು ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಕೆಲಸವೂ ನಾನೇ ಮಾಡಿ, ದುಡ್ಡೂ ನಾನೇ ಯಾಕೆ ಕೊಡಬೇಕು?

ನ್ಯಾಯವಾದ ಪ್ರಶ್ನೆ. ಶುಲ್ಕದಲ್ಲಿ ಕಲಿಸುವವರ ಸಂಬಳ, ಊಟ, ವಸತಿ, ಕ್ರೆಡಿಟ್ ಕೊಡುವ ವಿಶ್ವವಿದ್ಯಾಲಯದ ಪಾಲು, ಸಲಕರಣೆ ಎಲ್ಲ ಸೇರಿರುತ್ತದೆ. ಆದರೂ ಒಂದು ಮಾತು ಒಪ್ಪಲೇಬೇಕು. ಬೇಸಿಗೆಯಲ್ಲಿ ದುಡಿದು ಮುಂದಿನ ವರ್ಷದ ಫೀಸು ಹೊಂದಿಸಬೇಕಾದ ವಿದ್ಯಾರ್ಥಿಗೆ ಇದು ಎರಡು ಕಡೆಯಿಂದ ಹೊಡೆತ. ಶುಲ್ಕವೂ ಹೋಯಿತು, ಸಂಬಳವೂ ಹೋಯಿತು. ಈ ವಿದ್ಯೆ ಉಳ್ಳವರ ಸೊತ್ತಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ದಾರಿ ಇಲ್ಲದಿಲ್ಲ. ಆರ್ಕಿಯಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಮೊದಲ ಸಲ ಉತ್ಖನನಕ್ಕೆ ಹೋಗುವವರಿಗೆ ಜೇನ್ ವಾಲ್ಡ್‌ಬಾಮ್ ಹೆಸರಿನ ವಿದ್ಯಾರ್ಥಿವೇತನ ಕೊಡುತ್ತದೆ. ನಿಮ್ಮ ವಿಭಾಗದಲ್ಲೇ ಪ್ರವಾಸ ಅನುದಾನ ಇರಬಹುದು, ವಿಚಾರಿಸಿ. ಕ್ರೆಡಿಟ್ ಬೇಡವಾದರೆ ಶುಲ್ಕ ಇಳಿಸುವ ಶಿಬಿರಗಳಿವೆ. ಹತ್ತಿರದ ವಿಶ್ವವಿದ್ಯಾಲಯ ನಡೆಸುವ ಉತ್ಖನನಕ್ಕೆ ಖರ್ಚು ಕಮ್ಮಿ. ದೂರದ ದೇಶದ ಪಿರಮಿಡ್ಡಿನ ನೆರಳಲ್ಲಿ ಅಗೆದರೆ ಮಾತ್ರ ಕಲಿತ ಹಾಗೆ ಅಂತೇನಿಲ್ಲ.

ಒಳ್ಳೇ ಶಿಬಿರ ಅಂತ ಗುರುತಿಸೋದು ಹೇಗೆ?

ಜಾಹೀರಾತಿನ ಸಮುದ್ರತೀರದ ಫೋಟೋ ನೋಡಿ ಆರಿಸಬೇಡಿ. ನಡೆಸುವವರಿಗೆ ಇಮೇಲ್ ಹಾಕಿ ನೇರವಾಗಿ ಕೇಳಿ. ಒಬ್ಬ ಮೇಲ್ವಿಚಾರಕರಿಗೆ ಎಷ್ಟು ವಿದ್ಯಾರ್ಥಿಗಳು? ಅಗೆಯುವುದು, ಸರ್ವೆ, ಚಿತ್ರ, ಲ್ಯಾಬ್ ಎಲ್ಲಕ್ಕೂ ಸರದಿ ಬರುತ್ತದಾ? ಸರ್ಕಾರದ ಅನುಮತಿ ಕೈಗೆ ಬಂದಿದೆಯಾ? ಅನುಮತಿ ಸಿಗದಿದ್ದರೆ ನನ್ನ ದುಡ್ಡು ವಾಪಸ್ಸಾ? ಹೋದ ವರ್ಷದ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾತಾಡಬಹುದಾ?

ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೇ ಪ್ರಶ್ನೆ ಇದು: ಹಿಂದಿನ ವರ್ಷಗಳಲ್ಲಿ ಅಗೆದದ್ದರ ವರದಿ ಪ್ರಕಟವಾಗಿದೆಯಾ? ವರ್ಷ ವರ್ಷ ಅಗೆದು, ಪೆಟ್ಟಿಗೆ ತುಂಬಿಸಿ, ವರದಿ ಬರೆಯದ ತಂಡಗಳಿವೆ. ಅಲ್ಲಿ ನೀವು ಕಲಿಯುವುದು ಅದೇ ಚಾಳಿ. ಅಮೆರಿಕದಲ್ಲಿ ರಿಜಿಸ್ಟರ್ ಆಫ್ ಪ್ರೊಫೆಷನಲ್ ಆರ್ಕಿಯಾಲಜಿಸ್ಟ್ಸ್ ಸಂಸ್ಥೆ ಕೆಲವು ಫೀಲ್ಡ್ ಸ್ಕೂಲುಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ. ಅದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೇಲಿನ ಪ್ರಶ್ನೆಗಳೇ ನಿಮ್ಮ ಜರಡಿ.

ಮೈಗೆ ತಡೆಯುತ್ತಾ? ಜಿಮ್‌ಗೆ ಹೋಗಬೇಕಾ?

ಬೇಡ. ಮೊದಲ ವಾರ ಮಂಡಿ, ಸೊಂಟ, ಮುಂಗೈ ನೋಯುತ್ತವೆ, ಆಮೇಲೆ ಒಗ್ಗುತ್ತದೆ. ಬಗ್ಗಲು ಆಗದವರಿಗೆ, ಗಾಲಿಕುರ್ಚಿ ಬಳಸುವವರಿಗೆ ಸರ್ವೆ, ಚಿತ್ರ, ವಸ್ತು ವಿಂಗಡಣೆ, ಲ್ಯಾಬ್ ಕೆಲಸ ಇದೆ. ಮೊದಲೇ ಹೇಳಿದರೆ ವ್ಯವಸ್ಥೆ ಮಾಡುವ ಶಿಬಿರಗಳಿವೆ. ಅಲರ್ಜಿ, ಆಸ್ತಮಾ, ಮೂರ್ಛೆ, ದಿನಾ ತಗೊಳ್ಳುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಆಸ್ಪತ್ರೆ ದೂರ ಇರುತ್ತದೆ. ಹೊರಡುವ ಮುಂಚೆ ಟೆಟನಸ್ ಚುಚ್ಚುಮದ್ದಿನ ಅವಧಿ ಮುಗಿದಿಲ್ಲವಾ ಅಂತ ನೋಡಿಕೊಳ್ಳಿ.

ಏನೇನು ತಗೊಂಡು ಹೋಗಬೇಕು?

ಅಗಲ ಅಂಚಿನ ಟೋಪಿ, ತೆಳು ಬಟ್ಟೆಯ ತುಂಬು ತೋಳಿನ ಅಂಗಿ, ಗಟ್ಟಿ ಶೂ, ಕೈಗವಸು, ದೊಡ್ಡ ನೀರಿನ ಬಾಟಲಿ, ಮಂಡಿ ಕೆಳಗೆ ಹಾಕಿಕೊಳ್ಳಲು ದಪ್ಪ ಸ್ಪಂಜು. ಹೊಸ ಶೂ ಆದರೆ ಮನೆಯಲ್ಲೇ ಹಾಕಿ ಪಳಗಿಸಿ. ಕರಣೆ ಶಿಬಿರದವರೇ ಕೊಟ್ಟರೆ ಸರಿ. ಸ್ವಂತದ್ದು ಬೇಕೆಂದರೆ ಗಾರೆ ಕೆಲಸದವರ ಚೂಪು ಕರಣೆಯೇ ಸಾಕು. ಅಲಗು ನಾಲ್ಕೈದು ಇಂಚು ಇರಲಿ, ಅಲಗು–ಕತ್ತು ಒಂದೇ ತುಂಡಾಗಿರಲಿ. ಬೆಸುಗೆ ಹಾಕಿದ್ದು ಗಟ್ಟಿ ಮಣ್ಣಿನಲ್ಲಿ ಮುರಿಯುತ್ತದೆ. ಯಾವ ಕಂಪನಿಯದು ಒಳ್ಳೆಯದು ಅಂದರೆ ಅಮೆರಿಕದವರು ಮಾರ್ಷಲ್‌ಟೌನ್ ಅನ್ನುತ್ತಾರೆ, ಬ್ರಿಟನ್ನಿನವರು ಡಬ್ಲ್ಯೂಎಚ್‌ಎಸ್ ಅನ್ನುತ್ತಾರೆ, ಈ ಜಗಳ ರಾತ್ರಿಯಿಡೀ ನಡೆಯುತ್ತದೆ. ಮತ್ತೆ, ಪೆನ್ನಿಗಿಂತ ಪೆನ್ಸಿಲ್ ಜಾಸ್ತಿ ಇರಲಿ. ಮಳೆ ಬಿದ್ದರೆ ಇಂಕು ಹರಡಿಕೊಳ್ಳುತ್ತದೆ.

ಸುರಕ್ಷತೆ ಬಗ್ಗೆ ಅಪ್ಪ ಅಮ್ಮ ಕೇಳುತ್ತಿದ್ದಾರೆ.

ಕೇಳಲಿ, ಕೇಳಬೇಕು. ಬಿಸಿಲ ಹೊಡೆತ ಎಲ್ಲಕ್ಕಿಂತ ಸಾಮಾನ್ಯ. ಬಾಯಾರುವವರೆಗೆ ಕಾಯದೆ ನೀರು ಕುಡಿಯಬೇಕು. ಎರಡನೆಯದು ಗುಂಡಿಯ ಗೋಡೆ. ಒಂದು ಘನ ಮೀಟರ್ ಮಣ್ಣು ಹೆಚ್ಚುಕಮ್ಮಿ ಒಂದೂವರೆ ಟನ್ ತೂಗುತ್ತದೆ, ಕುಸಿದರೆ ಓಡಲು ಸಮಯ ಸಿಗುವುದಿಲ್ಲ. ಅಮೆರಿಕದ ಕೆಲಸದ ಸುರಕ್ಷತಾ ನಿಯಮದಲ್ಲಿ 5 ಅಡಿ ಆಳ ಮುಟ್ಟಿದರೆ ಗೋಡೆಗೆ ಆಧಾರ ಕೊಡಬೇಕು ಅಥವಾ ಇಳಿಜಾರು ಮಾಡಬೇಕು. ಆಳದ ಗುಂಡಿಯಲ್ಲಿ ಒಬ್ಬರೇ ಇಳಿಯಬೇಡಿ. ಅಂಚಿನಲ್ಲಿ ಮಣ್ಣಿನ ಗುಡ್ಡೆ ಹಾಕಿದ್ದರೆ ಬಾಯಿಬಿಟ್ಟು ಹೇಳಿ.

ಮೂರನೆಯದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಬಯಲಿನಲ್ಲಿ ಕೆಲಸ ಮಾಡುವ ಸಂಶೋಧಕರ ಬಗ್ಗೆ 2014ರಲ್ಲಿ ಒಂದು ಸಮೀಕ್ಷೆ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂತು. ಉತ್ತರಿಸಿದವರು 666 ಮಂದಿ. ಅವರಲ್ಲಿ ಶೇ. 64ರಷ್ಟು ಜನ ತಮಗೆ ಲೈಂಗಿಕ ಕಿರುಕುಳ ಆಗಿದೆ ಅಂದರು. ಹೆಚ್ಚಿನವರಿಗೆ ಅದು ಆದದ್ದು ವಿದ್ಯಾರ್ಥಿಯಾಗಿದ್ದಾಗ ಅಥವಾ ಕೆಲಸಕ್ಕೆ ಹೊಸಬರಾಗಿದ್ದಾಗ. ಸ್ವಂತ ಇಚ್ಛೆಯಿಂದ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು, ಎಲ್ಲ ಶಿಬಿರಗಳಿಗೂ ಹಾಗೇ ಅನ್ವಯಿಸುವಂತಿಲ್ಲ. ಆದರೆ ದೂರು ಯಾರಿಗೆ ಕೊಡಬೇಕು ಅಂತಲೇ ಬಹಳ ಮಂದಿಗೆ ಗೊತ್ತಿರಲಿಲ್ಲ ಅನ್ನುವುದು ಗಮನಿಸಬೇಕಾದ ವಿಷಯ. ಹಾಗಾಗಿ ಅರ್ಜಿ ಹಾಕುವ ಮುಂಚೆಯೇ ಕೇಳಿ: ನಡತೆಯ ನಿಯಮ ಬರಹದಲ್ಲಿ ಇದೆಯಾ? ದೂರು ತಗೊಳ್ಳುವವರು ಯಾರು? ನಿರ್ದೇಶಕರ ಮೇಲೆಯೇ ದೂರು ಇದ್ದರೆ ಶಿಬಿರದ ಹೊರಗೆ ಯಾರಿಗೆ ಹೇಳಬೇಕು? ಇಂಥ ಪ್ರಶ್ನೆಗೆ ಸಿಡುಕುವ ಕಡೆ ಹೋಗುವುದು ಬೇಡ.

ಇದರಿಂದ ಕೆಲಸ ಸಿಗುತ್ತಾ?

ನೇರವಾಗಿ ಸಿಗುವ ದೇಶಗಳಿವೆ. ರಸ್ತೆ, ಅಣೆಕಟ್ಟು, ಕಟ್ಟಡ ಬರುವ ಮುಂಚೆ ಆ ನೆಲದಲ್ಲಿ ಏನಿದೆ ಅಂತ ನೋಡುವ ಕಂಪನಿಗಳು ಅಲ್ಲಿ ಇವೆ. ಅಮೆರಿಕದಲ್ಲಿ 1966ರ ಪರಂಪರೆ ಸಂರಕ್ಷಣಾ ಕಾನೂನಿನ ನಂತರ ಈ ಕೆಲಸ ಬೆಳೆಯಿತು. ಅಲ್ಲಿನ ಆರಂಭದ ಹುದ್ದೆಗಳಿಗೆ ಫೀಲ್ಡ್ ಸ್ಕೂಲ್ ಮುಗಿಸಿರಬೇಕು ಅಂತ ಕೇಳುವುದು ಮಾಮೂಲು. ಬೇರೆ ಕಡೆ ಎಂ.ಎ., ಪಿಎಚ್.ಡಿ. ಪ್ರವೇಶಕ್ಕೆ, ಮ್ಯೂಸಿಯಂ ಕೆಲಸಕ್ಕೆ ತೂಕ ಬರುತ್ತದೆ.

ಹೋಗಿ ನೋಡಿದೆ, ಇಷ್ಟವಾಗಲಿಲ್ಲ. ಆಗ?

ಒಳ್ಳೆಯದೇ ಆಯಿತು. ಒಂದು ಬೇಸಿಗೆಯಲ್ಲಿ ಗೊತ್ತಾಗಿದ್ದು ಎರಡು ವರ್ಷದ ಡಿಗ್ರಿ ಮುಗಿಸಿದ ಮೇಲೆ ಗೊತ್ತಾಗುವುದಕ್ಕಿಂತ ವಾಸಿ. ಬಿಸಿಲು ಬೇಡ ಅನ್ನಿಸಿದರೂ ಮೂಳೆ, ಬೀಜ, ನಾಣ್ಯ, ನಕ್ಷೆಗಳ ಮೇಲೆ ಕೂತು ಕೆಲಸ ಮಾಡುವ ಪುರಾತತ್ವಜ್ಞರು ಬೇಕಾದಷ್ಟು ಜನ ಇದ್ದಾರೆ.

ಅರ್ಜಿ ಯಾವಾಗ, ಹೇಗೆ?

ಜೂನ್ ಶಿಬಿರಗಳಿಗೆ ಹಿಂದಿನ ಚಳಿಗಾಲದಲ್ಲೇ ಹುಡುಕಾಟ ಶುರು ಮಾಡಿ. ವಿದ್ಯಾರ್ಥಿವೇತನದ ಗಡುವು ಎಷ್ಟೋ ಸಲ ಶಿಬಿರದ ಗಡುವಿಗಿಂತ ಮೊದಲೇ ಮುಗಿದಿರುತ್ತದೆ. ಪಾಸ್‌ಪೋರ್ಟ್, ವೀಸಾಕ್ಕೂ ಟೈಮ್ ಬೇಕು. ಆರ್ಕಿಯಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕದ ಜಾಲತಾಣದಲ್ಲಿ ಬೇರೆ ಬೇರೆ ದೇಶಗಳ ಉತ್ಖನನಗಳ ಪಟ್ಟಿ ಇದೆ, ಅಲ್ಲಿಂದ ಶುರು ಮಾಡಬಹುದು. ಅರ್ಜಿಪತ್ರದಲ್ಲಿ ಚಿಕ್ಕಂದಿನಿಂದ ಇತಿಹಾಸ ಅಂದ್ರೆ ಪ್ರಾಣ ಅಂತ ಸುಮ್ನೆ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಆ ಜಾಗದ ಬಗ್ಗೆ ಬಂದಿರುವ ಒಂದು ವರದಿ ಓದಿ, ಅದರಲ್ಲಿ ನಿಮಗೆ ಹುಟ್ಟಿದ ಒಂದು ಪ್ರಶ್ನೆ ಬರೆಯಿರಿ. ಈಜು, ಡ್ರೈವಿಂಗ್, ಚಿತ್ರ ಬಿಡಿಸುವುದು, ಪ್ರಥಮ ಚಿಕಿತ್ಸೆ, ಆ ಊರಿನ ಭಾಷೆ, ಇವುಗಳಲ್ಲಿ ಏನು ಬಂದರೂ ಸೇರಿಸಿ.